ಕ್ರಿಸ್ತನಲ್ಲಿ ಬೆಳೆಯುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ನಿನ್ನೆ ಮೊನ್ನೆ ವಿಶ್ವಾಸಕ್ಕೆ ಬಂದವರೂ, ಇಪ್ಪತ್ತು ವರ್ಷ ಸಭೆಗೆ ನಡೆದೂ ನಿಂತಲ್ಲೇ ನಿಂತಿದ್ದೇವೆ ಎಂದು ಕೊರಗುವವರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಆದಷ್ಟು ಇವತ್ತೇ ಮಾಡಿನೋಡಬಹುದಾದ ರೀತಿಯಲ್ಲಿ ಬರೆದಿದ್ದೇವೆ. ವಾಕ್ಯದ ಉಲ್ಲೇಖ ಬಂದಲ್ಲೆಲ್ಲ ಬೈಬಲ್ ತೆರೆದು ನೋಡಿಕೊಳ್ಳಿ.

ರಕ್ಷಣೆ ಹೊಂದಿದ್ದೇನೆ, ದೀಕ್ಷಾಸ್ನಾನವೂ ಆಗಿದೆ. ಆದರೂ ಹಳೆಯ ಸಿಟ್ಟು, ಹಳೆಯ ಆಸೆ ಹಾಗೇ ಇವೆ. ನನ್ನ ನಂಬಿಕೆಯೇ ಸುಳ್ಳೇ?

ಹಾಗೆ ತೀರ್ಮಾನಿಸಬೇಡಿ. ಇಲ್ಲಿ ಎರಡು ಸಂಗತಿಗಳು ಕಲಸಿಹೋಗಿವೆ. ದೇವರು ನಮ್ಮನ್ನು ನೀತಿವಂತರೆಂದು ನಿರ್ಣಯಿಸುವುದು ಒಂದು. ಅದಕ್ಕೆ ಆಧಾರ ಕ್ರಿಸ್ತನು ಮಾಡಿ ಮುಗಿಸಿದ ಕೆಲಸ, ಈ ವಾರದ ನಮ್ಮ ನಡತೆಯಲ್ಲ (ರೋಮಾ 5:1). ನಮ್ಮ ಸ್ವಭಾವ ಸ್ವಲ್ಪಸ್ವಲ್ಪವಾಗಿ ಆತನ ಸ್ವಭಾವಕ್ಕೆ ಹೊಂದಿಕೊಳ್ಳುವುದು ಇನ್ನೊಂದು. ಪವಿತ್ರೀಕರಣ ಎನ್ನುವುದು ಇದನ್ನೇ. ಇದು ಬದುಕಿರುವ ತನಕ ಸಾಗುವ ಕೆಲಸ.

ರೋಮಾ 12:2ರಲ್ಲಿ ಪೌಲನು ಬಳಸಿದ ಗ್ರೀಕ್ ಕ್ರಿಯಾಪದವನ್ನೇ ಮತ್ತಾಯ 17:2ರಲ್ಲಿ, ಯೇಸು ಬೆಟ್ಟದ ಮೇಲೆ ರೂಪಾಂತರಗೊಂಡದ್ದಕ್ಕೂ ಬಳಸಲಾಗಿದೆ. ರೋಮಾ ಪತ್ರದಲ್ಲಿ ಅದು ವರ್ತಮಾನ ಕಾಲದಲ್ಲಿದೆ, ಕರ್ಮಣಿಯಲ್ಲಿದೆ. ಬಿಡಿಸಿ ಹೇಳಿದರೆ, 'ಮಾರ್ಪಡಿಸಲ್ಪಡುತ್ತಾ ಇರಿ'. ಮಾಡುವವನು ಇನ್ನೊಬ್ಬ, ಮತ್ತು ಕೆಲಸ ಇನ್ನೂ ನಡೆಯುತ್ತಿದೆ.

ಈ ಎರಡನ್ನು ಕಲಸಿಕೊಂಡರೆ ಆಗುವ ನಷ್ಟ ದೊಡ್ಡದು. 'ನಾನು ಬದಲಾದರೆ ಮಾತ್ರ ದೇವರು ಒಪ್ಪಿಕೊಳ್ಳುತ್ತಾನೆ' ಎಂದು ನಂಬಿದವರು ತಮ್ಮ ಸೋಲನ್ನು ಮುಚ್ಚಿಡಲು ಶುರುಮಾಡುತ್ತಾರೆ. ಮುಚ್ಚಿಟ್ಟ ಗಾಯ ಒಳಗೇ ಕೀವಾಗುತ್ತದೆ. ಇನ್ನು ಒಳಗೆ ನಡೆಯುವ ಹೋರಾಟದ ವಿಷಯ: ಶರೀರಭಾವ ಮತ್ತು ಪವಿತ್ರಾತ್ಮ ಒಂದಕ್ಕೊಂದು ವಿರೋಧ ಎಂದು ಗಲಾತ್ಯ 5:17 ಹೇಳುವುದು ವಿಶ್ವಾಸಿಗಳಿಗೇ.

ಇದು ದೇವರ ಕೆಲಸವೋ, ನನ್ನ ಪ್ರಯತ್ನವೋ?

ಫಿಲಿಪ್ಪಿ 2:12 'ನಿಮ್ಮ ರಕ್ಷಣೆಯನ್ನು ಸಾಧಿಸಿಕೊಳ್ಳಿ' ಎನ್ನುತ್ತದೆ. 13ನೆಯ ವಚನ 'ಏಕೆಂದರೆ ನಿಮ್ಮಲ್ಲಿ ಕೆಲಸ ಮಾಡುವವನು ದೇವರು' ಎನ್ನುತ್ತದೆ. ನಡುವೆ 'ಆದರೆ' ಇಲ್ಲ, 'ಏಕೆಂದರೆ' ಇದೆ. ಈ ಒಂದು ಪದದ ಮೇಲೆ ಬಹಳಷ್ಟು ನಿಂತಿದೆ. ದೇವರು ದುಡಿಯುತ್ತಿರುವುದರಿಂದಲೇ ನಮ್ಮ ದುಡಿಮೆಗೆ ಅರ್ಥ.

ಮಾರ್ಕ 4:26ರಿಂದ 29ರವರೆಗಿನ ಸಾಮ್ಯ ನೋಡಿ. ರೈತ ಬೀಜ ಹಾಕುತ್ತಾನೆ, ರಾತ್ರಿ ಮಲಗುತ್ತಾನೆ, ಹಗಲು ಏಳುತ್ತಾನೆ. ಬೀಜ ಮೊಳೆಯುವುದು ಹೇಗೆಂದು ಅವನಿಗೆ ಗೊತ್ತಿಲ್ಲ. ಬಿತ್ತದಿದ್ದರೆ ಬೆಳೆಯಿಲ್ಲ. ಮೊಳಕೆ ಉದ್ದವಾಗಲೆಂದು ಹಿಡಿದು ಎಳೆದರೂ ಬೆಳೆಯಿಲ್ಲ. ಸೋಮಾರಿಯ ತಪ್ಪು ಮೊದಲನೆಯದು, ಆತುರಗಾರನ ತಪ್ಪು ಎರಡನೆಯದು. ನಾವು ನೋಡುವ ಬಹುಪಾಲು ದಣಿದ ವಿಶ್ವಾಸಿಗಳು ಎರಡನೆಯ ಗುಂಪಿನವರು. ಯೋಹಾನ 15:4ರಿಂದ 10ರೊಳಗೆ 'ನೆಲೆಗೊಂಡಿರು' ಎಂಬ ಮೂಲಪದ ಹತ್ತು ಸಲ ಬರುತ್ತದೆ. ಅಲ್ಲಿ ಯೇಸು ದ್ರಾಕ್ಷಿಬಳ್ಳಿ, ನಾವು ಕೊಂಬೆಗಳು. ಕೊಂಬೆಗೆ ಹೇಳಿರುವ ಕೆಲಸ ಅದೊಂದೇ.

ದಿನಕ್ಕೆ ಎಷ್ಟು ಹೊತ್ತು ಬೇಕು? ಎಲ್ಲಿಂದ ಶುರುಮಾಡಲಿ?

ಇಪ್ಪತ್ತು ನಿಮಿಷ ಸಾಕು. ಓದಲು ಹತ್ತು, ಸುಮ್ಮನೆ ಕೂತು ಓದಿದ್ದನ್ನು ಮೆಲುಕು ಹಾಕಲು ಐದು, ಪ್ರಾರ್ಥನೆಗೆ ಐದು. ಮೊದಲ ವಾರವೇ 'ನಾಳೆಯಿಂದ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಎರಡು ಗಂಟೆ' ಎಂದು ಹೊರಟವರು ಸಾಮಾನ್ಯವಾಗಿ ಎರಡನೆಯ ವಾರದಲ್ಲಿ ನಿಂತುಬಿಡುತ್ತಾರೆ. ನಿಂತದ್ದಕ್ಕಿಂತ ಆಮೇಲಿನ ನಾಚಿಕೆಯೇ ಅವರನ್ನು ಹೆಚ್ಚು ದೂರ ಒಯ್ಯುತ್ತದೆ. ಜಾಗ ಒಂದೇ ಇರಲಿ, ಹೊತ್ತು ಒಂದೇ ಇರಲಿ. ಫೋನು ಬೇರೆ ಕೋಣೆಯಲ್ಲಿರಲಿ. ಬೈಬಲನ್ನು ಫೋನಿನಲ್ಲೇ ಓದುವವರು ಇಂಟರ್ನೆಟ್ ಆಫ್ ಮಾಡಿ ಕೂರಲಿ.

ಒಂದು ದಿನ ತಪ್ಪಿದರೆ ಮರುದಿನ ದುಪ್ಪಟ್ಟು ಓದಿ ಸರಿದೂಗಿಸಬೇಡಿ. ಆ ದಿನದ್ದನ್ನು ಬಿಟ್ಟು ಇವತ್ತಿನದನ್ನು ಓದಿ. ಬಾಕಿ ಬೆಳೆಯುತ್ತ ಹೋದರೆ ಬೈಬಲ್ ತೆರೆಯಲೇ ಭಯವಾಗುತ್ತದೆ.

ಬೈಬಲನ್ನು ಯಾವ ಕ್ರಮದಲ್ಲಿ ಓದಬೇಕು?

ಹೊಸಬರು ಆದಿಕಾಂಡದಿಂದ ಹೊರಟು ಯಾಜಕಕಾಂಡದ ಹತ್ತಿರ ಸಿಕ್ಕಿಬೀಳುವುದು ಹೊಸ ಸಂಗತಿಯಲ್ಲ. ಮಾರ್ಕನ ಸುವಾರ್ತೆಯಿಂದ ಶುರುಮಾಡಿ. ಅದರಲ್ಲಿರುವುದು 16 ಅಧ್ಯಾಯ. ಆಮೇಲೆ ಫಿಲಿಪ್ಪಿಯವರಿಗೆ ಬರೆದ ಪತ್ರ: 4 ಅಧ್ಯಾಯ, 104 ವಚನ. ಇದನ್ನು ಒಂದೇ ಸಲ ಕೂತು ಗಟ್ಟಿಯಾಗಿ ಓದಿ, ಹೆಚ್ಚೆಂದರೆ ಕಾಲು ಗಂಟೆ ಹಿಡಿಯುತ್ತದೆ. ಪೌಲನು ಬರೆದಾಗ ಅದು ಸಭೆಯ ಮುಂದೆ ಪೂರ್ತಿ ಓದುವ ಪತ್ರವಾಗಿತ್ತು. ಅಧ್ಯಾಯಗಳ ವಿಂಗಡಣೆ ಬಂದದ್ದು 13ನೆಯ ಶತಮಾನದಲ್ಲಿ. ಹೊಸ ಒಡಂಬಡಿಕೆಯಲ್ಲಿ ಈಗಿರುವ ವಚನ ಸಂಖ್ಯೆಗಳು ಮುದ್ರಣದಲ್ಲಿ ಬಂದದ್ದು 1551ರಲ್ಲಿ. ಒಂದೊಂದೇ ವಚನ ಕಿತ್ತು ಓದುವ ಅಭ್ಯಾಸದಿಂದ ಪತ್ರದ ವಾದವೇ ತಪ್ಪಿಹೋಗುತ್ತದೆ.

ಹೊಸ ಒಡಂಬಡಿಕೆಯಲ್ಲಿ 260 ಅಧ್ಯಾಯಗಳಿವೆ. ವಾರಕ್ಕೆ ಐದು ದಿನ, ದಿನಕ್ಕೊಂದು ಅಧ್ಯಾಯದಂತೆ 52 ವಾರಕ್ಕೆ ಸರಿಯಾಗಿ ಮುಗಿಯುತ್ತದೆ, ವಾರದಲ್ಲಿ ಎರಡು ದಿನ ಬಿಡುವೂ ಸಿಗುತ್ತದೆ. ದಿನಕ್ಕೆ ಐದು ಕೀರ್ತನೆ ಓದಿದರೆ 150 ಕೀರ್ತನೆಗಳು ಮೂವತ್ತು ದಿನದಲ್ಲಿ ಆಗುತ್ತವೆ (119ನೆಯದಕ್ಕೆ 176 ವಚನ, ಅದನ್ನು ಹಂಚಿಕೊಳ್ಳಿ). 66 ಪುಸ್ತಕಗಳ 1189 ಅಧ್ಯಾಯಗಳನ್ನು ಒಂದು ವರ್ಷದಲ್ಲಿ ಮುಗಿಸಲು ದಿನಕ್ಕೆ ಮೂರರಿಂದ ನಾಲ್ಕು ಬೇಕು. ಅದು ಎರಡನೆಯ ವರ್ಷದ ಗುರಿಯಾಗಲಿ.

ಓದುತ್ತೇನೆ, ಆದರೆ ಏನೂ ಒಳಗಿಳಿಯುವುದಿಲ್ಲ.

ಓದುವ ಪ್ರಮಾಣ ಕಡಿಮೆ ಮಾಡಿ, ವೇಗವನ್ನೂ ಕಡಿಮೆ ಮಾಡಿ. 12ನೆಯ ಶತಮಾನದಲ್ಲಿ ಎರಡನೆಯ ಗೀಗೋ ಎಂಬ ಕಾರ್ತೂಸಿಯನ್ ಸನ್ಯಾಸಿ ಇದನ್ನು ನಾಲ್ಕು ಮೆಟ್ಟಿಲಾಗಿ ಹೇಳಿದ: ಓದು, ಧ್ಯಾನ, ಪ್ರಾರ್ಥನೆ, ದೇವರ ಮುಂದೆ ಸುಮ್ಮನಿರುವುದು. ಎಲ್ಲ ಸಂಪ್ರದಾಯದವರಿಗೂ ಒದಗುವ ಕ್ರಮ ಇದು.

ಮೂರೇ ವಚನಗಳ 131ನೆಯ ಕೀರ್ತನೆಯನ್ನು ತೆಗೆದುಕೊಳ್ಳಿ. ಎರಡು ಸಲ ಗಟ್ಟಿಯಾಗಿ ಓದಿ. ಎಲ್ಲಿ ಮನಸ್ಸು ತಡೆಯಿತೋ ಅಲ್ಲಿ ನಿಲ್ಲಿ. ಬಹುಶಃ ಮೊಲೆಬಿಡಿಸಿದ ಕೂಸಿನ ಹತ್ತಿರ ನಿಲ್ಲುತ್ತೀರಿ. ಮೊಲೆ ಕುಡಿಯುವ ಕೂಸು ತಾಯಿಯ ತೊಡೆಗೆ ಬಂದರೆ ಹಾಲಿಗಾಗಿ ತಡಕಾಡುತ್ತದೆ. ಮೊಲೆಬಿಡಿಸಿದ ಕೂಸು ತಾಯಿ ಬೇಕೆಂದಷ್ಟೇ ಬಂದು ಕೂರುತ್ತದೆ. ಹಾಗಾದರೆ ನಾನು ದೇವರ ಹತ್ತಿರ ಬರುವುದು ಏನಾದರೂ ಸಿಗಲಿ ಎಂದೋ, ಆತನೇ ಬೇಕೆಂದೋ? ಈ ಪ್ರಶ್ನೆ ಎದ್ದರೆ ಧ್ಯಾನ ಆಯಿತು. ಅದನ್ನೇ ದೇವರಿಗೆ ಹೇಳಿದರೆ ಪ್ರಾರ್ಥನೆ. ಆಮೇಲೆ ಒಂದೆರಡು ನಿಮಿಷ ಮಾತಿಲ್ಲದೆ ಕೂತಿರಿ.

ವಾರಕ್ಕೊಂದು ವಚನ ಬಾಯಿಪಾಠ ಮಾಡಿ. ಉಲ್ಲೇಖವನ್ನು ಮೊದಲೂ ಕೊನೆಗೂ ಹೇಳಿ. ಚೀಟಿಯಲ್ಲಿ ಬರೆದು ದಿನಕ್ಕೆ ಎರಡೆರಡು ಪದ ಮುಚ್ಚುತ್ತ ಹೋಗಿ. ಅರಣ್ಯದಲ್ಲಿ ಯೇಸು ಸೈತಾನನಿಗೆ ಕೊಟ್ಟ ಮೂರು ಉತ್ತರಗಳೂ ಧರ್ಮೋಪದೇಶಕಾಂಡದ 6 ಮತ್ತು 8ನೆಯ ಅಧ್ಯಾಯಗಳವು. ಹಸಿದ ನಲವತ್ತನೆಯ ದಿನ ಸುರುಳಿ ಬಿಚ್ಚಿ ಹುಡುಕುವ ಪುರುಸೊತ್ತು ಇರಲಿಲ್ಲ. ಮನಸ್ಸಿನಲ್ಲಿದ್ದದ್ದೇ ಬಾಯಿಗೆ ಬಂತು.

ಪ್ರಾರ್ಥನೆಗೆ ಕೂತರೆ ಮನಸ್ಸು ಎಲ್ಲೆಲ್ಲೋ ಓಡುತ್ತದೆ.

ಕಣ್ಣು ಮುಚ್ಚಿ ಮನಸ್ಸಿನೊಳಗೇ ಪ್ರಾರ್ಥಿಸುವುದು ಎಲ್ಲಕ್ಕಿಂತ ಕಷ್ಟದ ವಿಧಾನ, ನಾವು ಅದರಿಂದಲೇ ಶುರುಮಾಡುತ್ತೇವೆ. ಬಾಯಿಬಿಟ್ಟು ಹೇಳಿ, ಅಥವಾ ಬರೆಯಿರಿ, ಅಥವಾ ನಡೆಯುತ್ತ ಪ್ರಾರ್ಥಿಸಿ.

1535ರಲ್ಲಿ ಮಾರ್ಟಿನ್ ಲೂಥರ್ ತನ್ನ ಕ್ಷೌರಿಕನಿಗೆ ಪ್ರಾರ್ಥನೆಯ ಕ್ರಮವೊಂದನ್ನು ಬರೆದುಕೊಟ್ಟ. ಒಳ್ಳೆಯ ಕ್ಷೌರಿಕನ ಗಮನವೆಲ್ಲ ಕತ್ತಿಯ ಮೇಲೂ ಕೂದಲ ಮೇಲೂ ಇರುತ್ತದೆ. ಹರಟುತ್ತ ಅತ್ತಿತ್ತ ನೋಡಿದರೆ ಎದುರಿಗಿರುವವನ ಮೂಗನ್ನೋ ಗಂಟಲನ್ನೋ ಕೊಯ್ದಾನು ಎಂದು ಅವನ ಕಸುಬಿನಿಂದಲೇ ಹೋಲಿಕೆ ಕೊಟ್ಟ. ಕ್ರಮ ಹೀಗಿದೆ. ಹತ್ತು ಆಜ್ಞೆಗಳಲ್ಲಿ ಒಂದನ್ನು ತೆಗೆದುಕೊಳ್ಳಿ. ಇದು ನನಗೆ ಏನು ಕಲಿಸುತ್ತದೆ? ಇದಕ್ಕಾಗಿ ಯಾವುದಕ್ಕೆ ಸ್ತೋತ್ರ ಹೇಳಲಿ? ಇದರಲ್ಲಿ ನಾನು ಎಲ್ಲಿ ತಪ್ಪಿದ್ದೇನೆ? ಈಗ ಏನು ಬೇಡಿಕೊಳ್ಳಲಿ? 'ಕದಿಯಬಾರದು' ಎಂಬುದನ್ನೇ ಹಿಡಿದರೆ, ಕೆಲಸದ ಹೊತ್ತನ್ನು ಕದ್ದದ್ದು, ಇನ್ನೊಬ್ಬರ ಶ್ರಮಕ್ಕೆ ಬರಬೇಕಾದ ಹೆಸರನ್ನು ನಾನು ತೆಗೆದುಕೊಂಡದ್ದು ಎಲ್ಲ ಮೇಲೆ ಬರುತ್ತದೆ. ಕರ್ತನು ಕಲಿಸಿದ ಪ್ರಾರ್ಥನೆಯ ಒಂದೊಂದು ಬಿನ್ನಹದ ಮೇಲೂ ಹೀಗೇ ಮಾಡಬಹುದು.

ಲೂಥರನ ಇನ್ನೊಂದು ಮಾತೂ ಅನುಭವದ್ದೇ. 'ಇದೊಂದು ಕೆಲಸ ಮುಗಿಸಿ ಒಂದು ಗಂಟೆ ಬಿಟ್ಟು ಪ್ರಾರ್ಥಿಸುತ್ತೇನೆ' ಎನ್ನುವ ಯೋಚನೆಯ ವಿಷಯದಲ್ಲಿ ಎಚ್ಚರವಿರಲಿ ಎಂದ.

ಮನಸ್ಸು ಓಡಿದ್ದು ಗೊತ್ತಾದಾಗ ಬೈದುಕೊಳ್ಳುತ್ತ ಕೂರಬೇಡಿ. ಎಲ್ಲಿಗೆ ಓಡಿತೋ ಆ ವಿಷಯವನ್ನೇ ಒಂದು ವಾಕ್ಯದಲ್ಲಿ ದೇವರ ಮುಂದಿಟ್ಟು ಹಿಂದಿರುಗಿ. ಮನಸ್ಸು ಪದೇ ಪದೇ ಹೋಗುವ ಜಾಗ ಯಾವುದೆಂದು ಗಮನಿಸಿದರೆ ಯಾವುದಕ್ಕಾಗಿ ಪ್ರಾರ್ಥಿಸಬೇಕಿತ್ತು ಎಂಬುದೂ ತಿಳಿಯುತ್ತದೆ.

ಅದೇ ಪಾಪಕ್ಕೆ ಮತ್ತೆ ಮತ್ತೆ ಬೀಳುತ್ತಿದ್ದೇನೆ. ಅತ್ತು ಪ್ರಾರ್ಥಿಸಿ, 'ಇನ್ನೆಂದೂ ಮಾಡುವುದಿಲ್ಲ' ಎಂದು ಪ್ರಮಾಣವನ್ನೂ ಮಾಡಿದೆ.

ಪ್ರಮಾಣದಿಂದ ಪಾಪ ಹೋಗುವುದು ಅಪರೂಪ. ಕಾರಣವನ್ನು ಮತ್ತಾಯ 12:43ರಿಂದ 45ರವರೆಗೆ ಯೇಸುವೇ ಹೇಳಿದ್ದಾನೆ: ದೆವ್ವ ಬಿಟ್ಟುಹೋದ ಮನೆ ಗುಡಿಸಿ ಅಲಂಕರಿಸಿತ್ತು, ಆದರೆ ಬರಿದಾಗಿತ್ತು. ಬರಿದಾದ ಮನೆಗೆ ಅದು ಇನ್ನೂ ಏಳನ್ನು ಕರೆದುಕೊಂಡು ಬಂತು.

ಎಫೆಸ 4:22ರಿಂದ 24ರಲ್ಲಿ ಮೂರು ಭಾಗಗಳಿವೆ: ಪೂರ್ವಸ್ವಭಾವವನ್ನು ತೆಗೆದುಹಾಕುವುದು, ಆಂತರ್ಯದಲ್ಲಿ ಹೊಸಬರಾಗುವುದು, ನೂತನಸ್ವಭಾವವನ್ನು ಧರಿಸಿಕೊಳ್ಳುವುದು. ಅದರ ಕೆಳಗೇ, 28ನೆಯ ವಚನದಲ್ಲಿ, ಕಳ್ಳನ ಉದಾಹರಣೆ ಇದೆ. ಕದಿಯುವವನು ಇನ್ನು ಕದಿಯದಿರಲಿ. ಅಲ್ಲಿಗೇ ಮುಗಿಯಲಿಲ್ಲ, ಕೈಯಾರೆ ದುಡಿಯಲಿ. ಅದೂ ಸಾಲದು, ಕೊರತೆಯಲ್ಲಿರುವವರಿಗೆ ಕೊಡಲು ಅವನಲ್ಲಿ ಏನಾದರೂ ಇರಲಿ. ಇವತ್ತು ಕದಿಯದೆ ಕೂತ ಕಳ್ಳ ಕೆಲಸ ತಪ್ಪಿದ ಕಳ್ಳನಷ್ಟೇ. ಕದ್ದ ಕೈ ಕೊಡುವ ಕೈ ಆದಾಗ ಪೌಲನು ಹೇಳಿದ ಬದಲಾವಣೆ ಆಯಿತು. ನಿಮ್ಮ ಪಾಪವನ್ನು ಇದೇ ಅಚ್ಚಿಗೆ ಹಾಕಿ ನೋಡಿ. ಚಾಡಿಯ ಜಾಗದಲ್ಲಿ ಯಾವ ಮಾತು? ಅಶ್ಲೀಲ ದೃಶ್ಯ ನೋಡುವ ರಾತ್ರಿ ಹನ್ನೊಂದರ ಹೊತ್ತಿನಲ್ಲಿ ಏನು? 'ಏನೂ ಇಲ್ಲ' ಎಂಬುದು ಉತ್ತರವಾಗಲಾರದು.

ಮಾಡಬೇಕಾದ್ದು ಇಷ್ಟು. ಏಳು ದಿನ ಒಂದು ಪುಟ್ಟ ಪುಸ್ತಕದಲ್ಲಿ ನಾಲ್ಕು ವಿಷಯ ಬರೆಯಿರಿ: ಬಿದ್ದ ಅಥವಾ ಬೀಳುವ ಹಾಗಾದ ಹೊತ್ತು, ಜಾಗ, ಅದಕ್ಕೆ ಒಂದು ಗಂಟೆ ಮೊದಲು ನಡೆದದ್ದು, ಆಗ ಮನಸ್ಸು ಹೇಳಿದ ಸುಳ್ಳು ('ಇಷ್ಟು ದುಡಿದಿದ್ದೇನೆ, ಇಷ್ಟಾದರೂ ಬೇಡವೇ', 'ಯಾರಿಗೂ ನನ್ನ ಅಗತ್ಯವಿಲ್ಲ'). ವಾರದ ಕೊನೆಗೆ ಒಂದು ಜಾಡು ಕಾಣುತ್ತದೆ. ಕೊನೆಯ ಹೆಜ್ಜೆಯಲ್ಲಿ ತಡೆಯಲು ಹೊರಟರೆ ಸೋಲುತ್ತೀರಿ. ಮೂರನೆಯದೋ ನಾಲ್ಕನೆಯದೋ ಹೆಜ್ಜೆಯಲ್ಲೇ ದಾರಿ ಕಡಿಯಿರಿ. ಫೋನು ಮಲಗುವ ಕೋಣೆಗೆ ಬರುವುದೇ ಬೇಡ ಎಂಬಂಥ ಕ್ರಮ ಹುಚ್ಚುತನದಂತೆ ಕಂಡರೆ ಮತ್ತಾಯ 5:29 ಓದಿ.

ಆ ಸುಳ್ಳಿಗೆ ಎದುರಾಗಿ ನಿಲ್ಲುವ ಒಂದು ವಾಕ್ಯ ಹುಡುಕಿ ಬಾಯಿಪಾಠ ಮಾಡಿ. ಮತ್ತು ನಂಬಿಕಸ್ಥರಾದ, ನಿಮ್ಮದೇ ಲಿಂಗದ ಒಬ್ಬ ಪ್ರೌಢ ವಿಶ್ವಾಸಿಗೆ ಹೇಳಿ (ಯಾಕೋಬ 5:16). ಬಿದ್ದ ದಿನವೇ ಹೇಳಿ, 24 ಗಂಟೆ ದಾಟಬಾರದು. ತಡವಾದಷ್ಟೂ ಮುಚ್ಚಿಡುವ ಆಸೆ ಬಲಿಯುತ್ತದೆ. 'ನನಗಾಗಿ ಪ್ರಾರ್ಥಿಸಿ, ಸ್ವಲ್ಪ ಹೋರಾಟವಿದೆ' ಎಂಬ ಮಾತಿನಿಂದ ಏನೂ ಆಗದು. ಪಾಪಕ್ಕೆ ಅದರ ಹೆಸರಿಟ್ಟೇ ಹೇಳಿ. ಮಬ್ಬಾದ ಅರಿಕೆಗೆ ಮಬ್ಬಾದ ಬದಲಾವಣೆಯೇ ಫಲ. ಈ ಪುಟದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕುಡಿತ ಮತ್ತು ಮಾದಕ ವಸ್ತುವಿನ ಚಟಕ್ಕೆ ವೈದ್ಯರ ಸಹಾಯ ಬೇಕು. ಬಹುಕಾಲ ವಿಪರೀತ ಕುಡಿದವರು ಒಮ್ಮೆಗೇ ನಿಲ್ಲಿಸಿದರೆ ನಡುಕ, ಭ್ರಮೆ, ಫಿಟ್ಸ್ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ಪ್ರಾರ್ಥನೆಯೂ ಚಿಕಿತ್ಸೆಯೂ ಒಟ್ಟಿಗೇ ನಡೆಯಲಿ.

ಪಶ್ಚಾತ್ತಾಪವೋ, ಬರೀ ಅಪರಾಧಭಾವವೋ, ಹೇಗೆ ಗುರುತಿಸುವುದು?

ಎರಡು ಬಗೆಯ ದುಃಖಗಳ ವ್ಯತ್ಯಾಸ 2 ಕೊರಿಂಥ 7:10ರಲ್ಲಿದೆ. ಅಪರಾಧಭಾವ ನನ್ನ ಸುತ್ತಲೇ ಸುತ್ತುತ್ತದೆ: ನಾನೆಂಥವನು, ಜನ ಏನೆಂದಾರು. ಪಶ್ಚಾತ್ತಾಪ ದೇವರ ಕಡೆ ತಿರುಗಿ, ನನ್ನಿಂದ ನೊಂದವರ ಕಡೆಗೂ ತಿರುಗುತ್ತದೆ. 'ನಾನು ಕೆಟ್ಟವನು, ನನ್ನಿಂದ ಏನೂ ಆಗದು' ಎಂಬುದು ಪವಿತ್ರಾತ್ಮನ ದನಿಯಲ್ಲ. ಆತನು ಇಂಥ ದಿನ, ಇಂಥವರಿಗೆ, ಇಂಥ ಮಾತು ಆಡಿದೆ ಎಂದು ಬೆರಳಿಟ್ಟು ತೋರಿಸುತ್ತಾನೆ. ಅಲ್ಲಿಂದ ಹೊರಬರುವ ದಾರಿಯನ್ನೂ ತೋರಿಸುತ್ತಾನೆ.

ಪೇತ್ರನು ಯೇಸುವನ್ನು ಅರಿಯೆನೆಂದದ್ದು ಕೆಂಡದ ಬೆಂಕಿಯ ಹತ್ತಿರ (ಯೋಹಾನ 18:18). ಪುನರುತ್ಥಾನದ ನಂತರ ಯೇಸು ಅವನನ್ನು ಮಾತಾಡಿಸಿದ್ದು ಇನ್ನೊಂದು ಕೆಂಡದ ಬೆಂಕಿಯ ಹತ್ತಿರ (21:9). ಆ ಗ್ರೀಕ್ ಪದ ಹೊಸ ಒಡಂಬಡಿಕೆಯಲ್ಲಿ ಈ ಎರಡೇ ಕಡೆ ಬರುತ್ತದೆ. ಮೂರು ನಿರಾಕರಣೆಗೆ ಮೂರು ಪ್ರಶ್ನೆ. ಯೇಸು ಆ ರಾತ್ರಿಯನ್ನು ಮರೆಸಿಬಿಡಲಿಲ್ಲ, ಅದೇ ವಾಸನೆಯ ನಡುವೆ ಕೂರಿಸಿ ಕೆಲಸ ಒಪ್ಪಿಸಿದ.

ನಾನು ಮಾಡಿದ ಹಾನಿಯನ್ನು ಸರಿಪಡಿಸಬೇಕೇ? ದೇವರು ಕ್ಷಮಿಸಿದ ಮೇಲೆ ಮುಗಿಯಿತಲ್ಲವೇ?

ಸರಿಪಡಿಸಬೇಕು. ಅರಣ್ಯಕಾಂಡ 5:7 ಪೂರ್ತಿ ಮೊತ್ತದ ಜೊತೆ ಐದನೆಯ ಒಂದು ಪಾಲು ಸೇರಿಸಿ ಕೊಡಲು ಹೇಳುತ್ತದೆ. ಸುಂಕ ವಸೂಲಿಯ ಜಕ್ಕಾಯನು ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ (ಲೂಕ 19:8). ಕೊಟ್ಟದ್ದರಿಂದ ಅವನಿಗೆ ಕ್ಷಮೆ ಸಿಗಲಿಲ್ಲ. ಯೇಸು ಮನೆಗೆ ಬಂದದ್ದರಿಂದ ಕೈ ಸಡಿಲವಾಯಿತು.

ಹಣವಾದರೆ ಲೆಕ್ಕ ಬರೆದು ಮೊತ್ತ ಗೊತ್ತುಮಾಡಿ; ಒಟ್ಟಿಗೆ ಆಗದಿದ್ದರೆ ಕಂತು, ಆದರೆ ತಾರೀಕು ಹೇಳಿ. ಮಾತಿನ ಗಾಯವಾದರೆ ಎದುರು ನಿಂತು, 'ನಾನು ಹೀಗೆ ಮಾಡಿದೆ. ಅದು ತಪ್ಪು. ನಿಮಗೆ ನೋವಾಯಿತು. ಕ್ಷಮಿಸಿ' ಎನ್ನಿ. 'ಆದರೆ ನೀವೂ...' ಎಂದು ಬಾಯಿಗೆ ಬಂದರೆ ಆ ದಿನ ಹೋಗಬೇಡಿ, ಇನ್ನೂ ಸಿದ್ಧರಾಗಿಲ್ಲ. 'ನಿಮಗೆ ನೋವಾಗಿದ್ದರೆ' ಎಂಬ 'ಇದ್ದರೆ' ಕ್ಷಮಾಪಣೆಯನ್ನೇ ತಿಂದುಹಾಕುತ್ತದೆ. ನಿಮ್ಮ ಅರಿಕೆಯಿಂದ ಎದುರಿನವರಿಗೆ ಹೊಸ ಗಾಯವಾಗುವಂತಿದ್ದರೆ ಮೊದಲು ಪಾಸ್ಟರರ ಅಥವಾ ಪ್ರೌಢ ವಿಶ್ವಾಸಿಯ ಸಲಹೆ ಕೇಳಿ. ನಿಮ್ಮ ಎದೆಭಾರವನ್ನು ಅವರ ತಲೆಗೆ ದಾಟಿಸುವುದು ಪ್ರಾಯಶ್ಚಿತ್ತವಾಗದು. ಅಪರಾಧ ನಡೆದಿದ್ದರೆ ಕಾನೂನಿನ ಮುಂದೆ ನಿಲ್ಲುವುದೂ ಇದರ ಭಾಗ.

ಒಬ್ಬರನ್ನು ಕ್ಷಮಿಸಲು ಆಗುತ್ತಿಲ್ಲ.

ಮತ್ತಾಯ 18ರ ಸಾಮ್ಯದಲ್ಲಿ ಅರಸನು ಒಬ್ಬ ಆಳಿನ ಹತ್ತು ಸಾವಿರ ತಲಾಂತು ಸಾಲ ಮನ್ನಾ ಮಾಡುತ್ತಾನೆ. ಅದರ ಲೆಕ್ಕ ಮಾಡಿ ನೋಡಿ. ಒಂದು ತಲಾಂತು ಸುಮಾರು 6000 ದಿನಾರಿ, ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನದ ಕೂಲಿ. ಆ ಆಳಿಗೆ ಇನ್ನೊಬ್ಬ ಕೊಡಬೇಕಿದ್ದದ್ದು ನೂರು ದಿನಾರಿ. ಇದನ್ನು ಎಷ್ಟೋ ಸಲ 'ಚಿಲ್ಲರೆ' ಎಂದು ಬೋಧಿಸುತ್ತಾರೆ. ನೂರು ದಿನದ ಕೂಲಿ ಚಿಲ್ಲರೆಯಲ್ಲ, ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನಿಮಗಾದ ಅನ್ಯಾಯ ಸಣ್ಣದೆಂದು ಯೇಸು ಹೇಳಲಿಲ್ಲ. ನಿಮಗೆ ಮನ್ನಾ ಆದದ್ದು ಅದಕ್ಕಿಂತ ಆರು ಲಕ್ಷ ಪಟ್ಟು ದೊಡ್ಡದೆಂದು ಹೇಳಿದ.

ಕ್ಷಮಿಸುವುದೆಂದರೆ ಸೇಡು ತೀರಿಸುವ ಹಕ್ಕನ್ನು ಬಿಟ್ಟುಕೊಡುವುದು. ಸಾಲವನ್ನು ಮೊದಲು ಪೂರ್ತಿ ಬರೆಯಿರಿ: ಏನು ಮಾಡಿದರು, ಅದರಿಂದ ನಿಮ್ಮ ಕೈಬಿಟ್ಟದ್ದೇನು. ಆಮೇಲೆ ದೇವರ ಮುಂದೆ ಅದನ್ನು ಬಿಡಿ. ನೆನಪು ಮತ್ತೆ ಬರುತ್ತದೆ. ಬಂದಾಗಲೆಲ್ಲ ಮತ್ತೆ ಬಿಡಬೇಕಾಗುತ್ತದೆ. ಅದರಿಂದ ಮೊದಲ ಸಲ ಕ್ಷಮಿಸಿದ್ದು ಸುಳ್ಳಾಗುವುದಿಲ್ಲ.

ಕ್ಷಮೆಗೆ ಒಬ್ಬರು ಸಾಕು. ಸಂಬಂಧ ಮತ್ತೆ ಕೂಡಲು ಇಬ್ಬರೂ ಬೇಕು, ಎದುರಿನವರ ಮಾನಸಾಂತರವೂ ಬೇಕು, ಕಾಲವೂ ಬೇಕು. ಹೊಡೆಯುವವರ ಮನೆಯಲ್ಲೇ ಇರುವುದು ಕ್ಷಮೆಯ ಗುರುತಲ್ಲ. ಮೊದಲು ಸುರಕ್ಷಿತ ಜಾಗಕ್ಕೆ ಹೋಗಿ. ಕ್ಷಮಿಸಿಯೂ ದೂರು ಕೊಡಬಹುದು.

ಉಪವಾಸ ಮಾಡುವುದು ಹೇಗೆ?

ಮೊದಲ ಸಲ ಒಂದೇ ಊಟ ಬಿಡಿ, ಆ ಅರ್ಧ ಗಂಟೆಯನ್ನು ಪ್ರಾರ್ಥನೆಗೆ ಕೊಡಿ. ಪ್ರಾರ್ಥನೆಗೆ ಹೊತ್ತು ಇಡದ ಉಪವಾಸ ಬರೀ ಹಸಿವು. ಕೆಲವು ಸಲ ಹೀಗೆ ಮಾಡಿದ ಮೇಲೆ ರಾತ್ರಿ ಊಟದಿಂದ ಮರುದಿನದ ರಾತ್ರಿ ಊಟದವರೆಗೆ, ಅಂದರೆ ಎರಡು ಹೊತ್ತಿನ ಊಟ ಬಿಡಬಹುದು. ನೀರು ಧಾರಾಳವಾಗಿ ಕುಡಿಯಿರಿ. ದಿನವೂ ಕಾಫಿ, ಟೀ ಕುಡಿಯುವವರಿಗೆ ಅರ್ಧ ದಿನ ಕಳೆಯುವಷ್ಟರಲ್ಲಿ ತಲೆನೋವು ಬರುವುದುಂಟು. ಎರಡು ಮೂರು ದಿನ ಮೊದಲಿನಿಂದಲೇ ಕಡಿಮೆ ಮಾಡುತ್ತ ಬನ್ನಿ. ಮುಗಿಸುವಾಗ ಹಗುರವಾಗಿ, ಸ್ವಲ್ಪವೇ ಉಣ್ಣಿ.

ಸಕ್ಕರೆ ಕಾಯಿಲೆಯವರು, ಗರ್ಭಿಣಿಯರು, ಹಾಲುಣಿಸುವ ತಾಯಂದಿರು, ಮಕ್ಕಳು, ಊಟಕ್ಕೆ ಸಂಬಂಧಿಸಿದ ಮನೋರೋಗ ಇದ್ದವರು ಆಹಾರದ ಉಪವಾಸ ಮಾಡಬೇಡಿ. ಸ್ಕ್ರೀನ್ ಬಿಡಿ, ಶಾಪಿಂಗ್ ಬಿಡಿ. ಹಸಿದಾಗ ಹೊರಬರುವ ಸಿಡುಕನ್ನು ಗಮನಿಸಿ: ಅದನ್ನು ಹುಟ್ಟಿಸಿದ್ದು ಉಪವಾಸವಲ್ಲ, ಊಟ ಮುಚ್ಚಿಟ್ಟಿತ್ತು. ಉಳಿದ ಊಟ ಹಸಿದವರಿಗೆ ತಲುಪಲಿ, ಯೆಶಾಯ 58:7 ಹೇಳುವುದು ಅದನ್ನೇ.

ಸಭೆಗೆ ಹೋಗದೆ ಮನೆಯಲ್ಲೇ ಬೆಳೆಯಬಹುದಲ್ಲವೇ?

ತಾಳ್ಮೆ ಕಲಿಯಲು ತಾಳ್ಮೆಗೆಡಿಸುವವರು ಬೇಕು. ಹೊಸ ಒಡಂಬಡಿಕೆಯ 'ಒಬ್ಬರನ್ನೊಬ್ಬರು' ಎಂಬ ಆಜ್ಞೆಗಳನ್ನು ಒಂಟಿಯಾಗಿ ಪಾಲಿಸಲು ದಾರಿಯಿಲ್ಲ. ಭಾನುವಾರದ ಆರಾಧನೆಯ ಜೊತೆ ನಾಲ್ಕರಿಂದ ಹನ್ನೆರಡು ಜನರ ಚಿಕ್ಕ ಗುಂಪೂ ಬೇಕು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಮೆಥಡಿಸ್ಟ್ ಬೋಧಕ ಜಾನ್ ವೆಸ್ಲಿಯವರ ಜನ ಕಟ್ಟಡದ ಸಾಲ ತೀರಿಸಲು, ಹನ್ನೆರಡು ಮಂದಿಗೆ ಒಬ್ಬನಂತೆ, ವಾರಕ್ಕೊಂದು ಪೆನ್ನಿ ಕೂಡಿಸುವ ಏರ್ಪಾಟು ಮಾಡಿದರು. ಮನೆಮನೆಗೆ ಹೋದವರಿಗೆ ಜನ ನಿಜಕ್ಕೂ ಹೇಗೆ ಬಾಳುತ್ತಿದ್ದಾರೆಂದು ಕಣ್ಣಿಗೆ ಬಿತ್ತು. ಹಣಕ್ಕಾಗಿ ಹುಟ್ಟಿದ್ದು ಆತ್ಮಗಳ ಆರೈಕೆಯ ಕ್ರಮವಾಯಿತು. ಗುಂಪಿನಲ್ಲಿ ಪ್ರತಿಯೊಬ್ಬರೂ ಐದು ನಿಮಿಷ ತಮ್ಮ ವಾರದ ಬಗ್ಗೆ ಹೇಳಲಿ. ಒಬ್ಬರೇ ಬೋಧಿಸಿ ಉಳಿದವರು ಕೇಳಿ ಎದ್ದುಹೋದರೆ ಅದು ಇನ್ನೊಂದು ಆರಾಧನೆ, ಅಷ್ಟೇ.

ನಮ್ಮ ನಾಯಕರು ನನ್ನ ಕೆಲಸ, ಮದುವೆ, ಹಣ ಎಲ್ಲವನ್ನೂ 'ದೇವರು ಹೇಳಿದ್ದಾನೆ' ಎಂದು ತೀರ್ಮಾನಿಸುತ್ತಾರೆ.

ಅದು ಶಿಷ್ಯತ್ವವಲ್ಲ. ಬೆರೋಯ ಎಂಬ ಊರಿನವರು ಪೌಲನ ಮಾತನ್ನೇ ಪ್ರತಿದಿನ ಶಾಸ್ತ್ರದ ಜೊತೆ ಹೋಲಿಸಿ ನೋಡಿದರು, ಅದಕ್ಕಾಗಿ ಹೊಗಳಿಕೆಯನ್ನೂ ಪಡೆದರು (ಅ. ಕೃತ್ಯಗಳು 17:11). ಪ್ರಶ್ನೆ ಕೇಳಿದರೆ ಶಾಪದ ಬೆದರಿಕೆ, ಮನೆಯವರಿಂದ ದೂರ ಮಾಡುವುದು, ಲೆಕ್ಕ ತೋರಿಸದ ಕಾಣಿಕೆ, ಗುಟ್ಟಾಗಿಡಲು ಒತ್ತಾಯ: ಇವುಗಳಲ್ಲಿ ಒಂದು ಕಂಡರೂ ಹೊರಗಿನ ನಂಬಿಕಸ್ಥರೊಬ್ಬರಿಗೆ ಹೇಳಿ.

ದೇವರು ದೂರವಾದಂತಿದೆ. ಏನೂ ಅನಿಸುವುದಿಲ್ಲ.

ಮೊದಲು ಶರೀರ ನೋಡಿ. 1 ಅರಸುಗಳು 19ರಲ್ಲಿ ಸಾಯಬೇಕೆಂದು ಬೇಡಿದ ಎಲೀಯನಿಗೆ ದೇವರು ತಕ್ಷಣ ಬೋಧಿಸಲಿಲ್ಲ. ನಿದ್ದೆ, ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು. ಮತ್ತೆ ನಿದ್ದೆ, ಮತ್ತೆ ಊಟ. ಪ್ರಶ್ನೆ ಬಂದದ್ದು ಬೆಟ್ಟ ತಲುಪಿದ ಮೇಲೆ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಕೆಟ್ಟು, ಯಾವುದರಲ್ಲೂ ಆಸಕ್ತಿಯಿಲ್ಲದೆ, ಸಾವಿನ ಯೋಚನೆ ಬರುತ್ತಿದ್ದರೆ ಅದು ಖಿನ್ನತೆ ಇರಬಹುದು. ತಡಮಾಡದೆ ವೈದ್ಯರನ್ನು ಕಾಣಿ. ಸಾವಿನ ಯೋಚನೆ ಬಂದರೆ ಎರಡು ವಾರ ಕಾಯುವುದೂ ಬೇಡ. ಅದು ನಂಬಿಕೆಯ ಕೊರತೆಯಲ್ಲ.

ಆಮೇಲೆ ನೋಡಬೇಕಾದ್ದು, ಗೊತ್ತಿದ್ದೂ ಬಿಡದ ಪಾಪವಿದೆಯೇ ಎಂದು. ಇದ್ದರೆ ಮೇಲೆ ಹೇಳಿದ ದಾರಿ ಹಿಡಿಯಿರಿ. ಇಲ್ಲದಿದ್ದರೆ ಅಗೆಯುತ್ತ ಕೂರಬೇಡಿ.

ಎರಡೂ ಅಲ್ಲದ ಒಣಗುವಿಕೆಯೂ ಇದೆ. ನಾಲ್ಕನೆಯ ಶತಮಾನದಲ್ಲಿ ಮರುಭೂಮಿಯ ಸನ್ಯಾಸಿ ಎವಾಗ್ರಿಯಸ್ ಅದನ್ನು ಚಿತ್ರಿಸಿದ್ದಾನೆ: ಹೊತ್ತು ಸರಿಯುವುದೇ ಇಲ್ಲ, ಮತ್ತೆ ಮತ್ತೆ ಕಿಟಕಿಯ ಕಡೆ ನೋಟ, ಊಟಕ್ಕೆ ಎಷ್ಟು ಹೊತ್ತಿದೆಯೆಂದು ಸೂರ್ಯನನ್ನು ನೋಡುವುದು, ಸಹೋದರರಲ್ಲಿ ಪ್ರೀತಿಯೇ ಇಲ್ಲವೆಂಬ ದೂರು, ಬೇರೆ ಊರಿಗೆ ಹೋದರೆ ಸರಿಹೋದೀತೆಂಬ ಆಸೆ. ಸಭೆ ಬದಲಿಸುವ ಎಷ್ಟೋ ತೀರ್ಮಾನಗಳು ಇದೇ ಹೊತ್ತಿನಲ್ಲಿ ಆಗುತ್ತವೆ. ಅವನ ಸಲಹೆ: ಕೋಣೆ ಬಿಟ್ಟು ಹೋಗಬೇಡ. ಒಣಗಿದ ಕಾಲದಲ್ಲಿ ದೊಡ್ಡ ನಿರ್ಧಾರ ಬೇಡ. ಚಿಕ್ಕ ಕ್ರಮವನ್ನು ಬಿಡದೆ ಹಿಡಿಯಿರಿ.

ಮಾತಿಗೆ 13ನೆಯ ಕೀರ್ತನೆ ಸಾಕು. ಆರು ವಚನ: ಎರಡು ದೂರು, ಎರಡು ಬೇಡಿಕೆ, ಎರಡು ಭರವಸೆ. ಮೊದಲೆರಡರಲ್ಲಿ 'ಎಷ್ಟರವರೆಗೆ' ಎಂಬ ಪ್ರಶ್ನೆ ನಾಲ್ಕು ಸಲ. ಭರವಸೆಯವರೆಗೆ ಬರಲಾಗದ ದಿನಕ್ಕೆ 88ನೆಯ ಕೀರ್ತನೆ ಇದೆ. ಅದು ಕತ್ತಲಲ್ಲೇ ಮುಗಿಯುತ್ತದೆ, ಆದರೂ ದೇವರನ್ನು ಕರೆದೇ ಹೇಳಿದ ಮಾತು.

ಬೆಳೆಯುತ್ತಿದ್ದೇನೆಂದು ಹೇಗೆ ತಿಳಿಯುವುದು?

ಭಾವೋದ್ರೇಕದಿಂದಲ್ಲ, ವರಗಳಿಂದಲೂ ಅಲ್ಲ. ಕೊರಿಂಥದ ಸಭೆಗೆ ಯಾವ ವರದಲ್ಲೂ ಕೊರತೆಯಿರಲಿಲ್ಲ (1 ಕೊರಿಂಥ 1:7), ಅವರನ್ನೇ ಪೌಲನು ಕೂಸುಗಳೆಂದ (3:1). ನೋಡಬೇಕಾದ್ದು ಗಲಾತ್ಯ 5:22-23ರ ಫಲವನ್ನು: ಪ್ರೀತಿ, ಸಂತೋಷ, ಸಮಾಧಾನ, ದೀರ್ಘಶಾಂತಿ, ದಯೆ, ಉಪಕಾರ, ನಂಬಿಕೆ, ಸಾಧುತ್ವ, ಶಮೆದಮೆ (ಆತ್ಮಸಂಯಮ). ಒಂಬತ್ತು ಹೆಸರಿದ್ದರೂ ಮೂಲದಲ್ಲಿ 'ಫಲ' ಏಕವಚನ.

ಮೂರು ತಿಂಗಳಿಗೊಮ್ಮೆ ಹೀಗೆ ಕೇಳಿಕೊಳ್ಳಿ. ಸಿಟ್ಟು ಬಂದ ಮೇಲೆ ಕ್ಷಮೆ ಕೇಳಲು ಮೊದಲು ಮೂರು ದಿನ ಬೇಕಿತ್ತು, ಈಗ? ತಿದ್ದಿದವರ ಮಾತು ಎಷ್ಟು ಹೊತ್ತು ಚುಚ್ಚುತ್ತದೆ? ಯಾರೂ ನೋಡದ ಕೆಲಸ ಮಾಡಲು ಮನಸ್ಸು ಬರುತ್ತದೆಯೇ? ಆಮೇಲೆ ಇದೇ ಪ್ರಶ್ನೆಗಳನ್ನು ನಿಮ್ಮೊಡನೆ ಒಂದೇ ಸೂರಿನಡಿ ಇರುವವರಿಗೆ ಕೇಳಿ, ವಾದಿಸದೆ ಉತ್ತರ ಕೇಳಿಸಿಕೊಳ್ಳಿ. ವೇದಿಕೆಯ ಮೇಲೆ ಸಾಕ್ಷಿ ಹೇಳುವುದಕ್ಕಿಂತ ಇದು ಕಷ್ಟ, ಇದೇ ನಂಬತಕ್ಕ ಅಳತೆ.

ಮೊದಲಿಗಿಂತ ಹೆಚ್ಚು ಪಾಪ ಕಾಣುತ್ತಿದ್ದರೆ ಹೆದರಬೇಡಿ. ಪೌಲನ ಪತ್ರಗಳಲ್ಲಿ ಕ್ರಮವಾಗಿ 'ಅಪೊಸ್ತಲರಲ್ಲಿ ಕನಿಷ್ಠನು' (1 ಕೊರಿಂಥ 15:9), 'ದೇವಜನರಲ್ಲೆಲ್ಲ ಅತ್ಯಲ್ಪನು' (ಎಫೆಸ 3:8), 'ಪಾಪಿಗಳಲ್ಲಿ ಮುಖ್ಯನು' (1 ತಿಮೊಥೆಯ 1:15) ಎಂಬ ಮಾತುಗಳಿವೆ. ದೀಪ ಹತ್ತಿರ ಬಂದಂತೆ ಧೂಳು ಕಾಣುತ್ತದೆ.

ಎಷ್ಟು ವರ್ಷ ಬೇಕು?

ಪೌಲ, ಬಾರ್ನಬರ ಜೊತೆ ಸೇವೆಗೆ ಹೊರಟಿದ್ದ ಮಾರ್ಕನು ಪಂಫುಲ್ಯದಲ್ಲಿ ಕೆಲಸ ಬಿಟ್ಟುಹೋದ. ಅವನ ವಿಷಯಕ್ಕೆ ಪೌಲನೂ ಬಾರ್ನಬನೂ ಅಗಲಿದರು. 2 ತಿಮೊಥೆಯ 4:11ರಲ್ಲಿ ಅದೇ ಪೌಲನು ಅವನನ್ನು ಕರೆತರಲು ಬರೆಯುತ್ತಾನೆ, 'ಉಪಯುಕ್ತನು' ಎನ್ನುತ್ತಾನೆ. ನಡುವೆ ಹತ್ತಕ್ಕಿಂತ ಹೆಚ್ಚು ವರ್ಷಗಳು ಕಳೆದಿದ್ದವು.

ಕಾಯಿಲೆ, ಮುಪ್ಪು, ಎಳೆಗೂಸಿನ ಆರೈಕೆ: ಓದಲೂ ಪ್ರಾರ್ಥಿಸಲೂ ಶಕ್ತಿಯಿಲ್ಲ. ಏನು ಮಾಡಲಿ?

ಇಪ್ಪತ್ತು ನಿಮಿಷದ ಕ್ರಮವನ್ನು ಬಿಟ್ಟುಬಿಡಿ, ಅದರ ಲೆಕ್ಕ ಯಾರೂ ಕೇಳುವುದಿಲ್ಲ. ಮೂರು ವಾಕ್ಯಗಳನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಮಲಗಿದಲ್ಲಿಂದ ಕಾಣುವ ಹಾಗೆ ಇಡಿಸಿ. ದಿನಕ್ಕೊಂದು ಕೀರ್ತನೆಯನ್ನು ಯಾರಾದರೂ ಓದಲಿ. ಯಾರೂ ಇಲ್ಲದಿದ್ದರೆ ಆಡಿಯೋ ಬೈಬಲ್ ಇದೆ. ಉಸಿರು ಒಳಗೆಳೆಯುತ್ತ 'ಕರ್ತನಾದ ಯೇಸುವೇ', ಬಿಡುತ್ತ 'ನನ್ನನ್ನು ಕರುಣಿಸು' ಎಂದರೆ ಅದೂ ಪೂರ್ತಿ ಪ್ರಾರ್ಥನೆ. ಮಾತೇ ಬಾರದಿದ್ದರೆ ರೋಮಾ 8:26 ಇದೆ: ಆತ್ಮನು ತಾನೇ ಬೇಡಿಕೊಳ್ಳುತ್ತಾನೆ. ಶಿಲುಬೆಯ ಮೇಲೆ ಯೇಸುವಿಗೂ ಉದ್ದ ಪ್ರಾರ್ಥನೆಗೆ ಉಸಿರಿರಲಿಲ್ಲ. 22ನೆಯ ಕೀರ್ತನೆಯ ಮೊದಲ ಸಾಲನ್ನು ಕೂಗಿದ, 31ನೆಯ ಕೀರ್ತನೆಯ ಐದನೆಯ ವಚನದ ಅರ್ಧವನ್ನು ಹೇಳಿ ಪ್ರಾಣಬಿಟ್ಟ.